ಸ್ಕೂಟರ್ ತಾನೇ, ನಿಲ್ಲಿಸು ಬಿಡು

ಈ ಲೇಖನದಲ್ಲಿ ತಪ್ಪು ಮಾಡಿದ ಹುಡುಗ ಯಾರು ಅಂತ ಕೊನೆವರೆಗೂ ಕಾಯಿಸೋದಿಲ್ಲ. ನಾನೇ.

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮೂರು ಕಡೂರು ಹತ್ತಿರದ ಚೌಳಹಿರಿಯೂರು. ಹಾಸ್ಟೆಲ್‌ನಲ್ಲಿ ಈ ಹೆಸರು ಹೇಳಿದ್ರೆ ಅರ್ಧ ಜನ "ಹಿರಿಯೂರಾ?" ಅಂತಾರೆ. ಅಲ್ಲ ಸ್ವಾಮಿ, ಅದು ಚಿತ್ರದುರ್ಗ ಜಿಲ್ಲೆ, ನಮ್ಮದು ಚಿಕ್ಕಮಗಳೂರು. ಹಾಗಾದ್ರೆ ಕಾಫಿ ತೋಟ ಇದೆಯಾ ಅಂತ ಉಳಿದರ್ಧ ಜನ ಕೇಳ್ತಾರೆ. ಅದೂ ಇಲ್ಲ. ನಮ್ಮದು ಬಯಲು ಸೀಮೆ. ತೆಂಗು, ಅಡಿಕೆ, ರಾಗಿ, ಮಳೆಗೆ ಕಾಯೋದು.

ಹಬ್ಬಕ್ಕೆ ಅಕ್ಕ, ಭಾವ ಬೆಂಗಳೂರಿಂದ ಬಂದಿದ್ರು. ಅವರಿಗೆ ಇಬ್ಬರು ಮಕ್ಕಳು. ಪುಟ್ಟಿಗೆ ಮೂರು ವರ್ಷ, ಪಾಪುಗೆ ಹತ್ತು ತಿಂಗಳು. ಬಾಗಿನದ ಸಾಮಾನೆಲ್ಲ ಅಮ್ಮ ಸಂತೆಯಲ್ಲೇ ತಂದಿದ್ದಳು. ಡೈಪರ್ ಮತ್ತೆ ಒಂದಿಷ್ಟು ದಿನಸಿ ಬೇಕಿತ್ತು ಅಂತ ಹತ್ತಿರದ ಟೌನಿನ ಸೂಪರ್ ಮಾರ್ಕೆಟ್‌ಗೆ ಹೊರಟ್ವಿ. ನನಗೆ ಅಲ್ಲಿ ಬೇರೆ ಕೆಲಸವೂ ಇದ್ದಿದ್ದರಿಂದ ಗೆಳೆಯನ ಆಕ್ಟಿವಾ ಇಸ್ಕೊಂಡು ನಾನು ಮುಂದೆ ಹೋದೆ. ಅವರು ಕಾರಲ್ಲಿ ಹಿಂದೆ ಬಂದ್ರು.

ಸೂಪರ್ ಮಾರ್ಕೆಟ್ ಮುಂದೆ ಏಳೆಂಟು ಕಾರು ನಿಲ್ಲೋಷ್ಟು ಜಾಗ. ನೆಲದ ಮೇಲೆ ಮಾಸಿ ಹೋದ ಬಿಳಿ ಗೆರೆ. ಬೈಕ್‌ಗಳಿಗೆ ಹಿಂದುಗಡೆ ಶೆಡ್ ಇದೆ, ಆದರೆ ಅಲ್ಲಿಂದ ನಡೆದು ಬರಬೇಕು, ಒಂದು ಐವತ್ತು ಹೆಜ್ಜೆ. ಒಂದು ಕಾರಿನ ಪಕ್ಕ, ಗೆರೆ ಮೇಲೆ, ಸಂದಿ ಕಾಣಿಸ್ತು. ಸ್ಕೂಟರ್ ತಾನೇ, ಹಿಡಿಯುತ್ತೆ ಅಂತ ನಿಲ್ಲಿಸಿ ಒಳಗೆ ಹೋದೆ.

ಐದು ನಿಮಿಷ ಬಿಟ್ಟು ಭಾವ ಬಂದು, ಅಕ್ಕನನ್ನೂ ಮಕ್ಕಳನ್ನೂ ಬಾಗಿಲಲ್ಲೇ ಇಳಿಸಿ, ಖಾಲಿ ಇದ್ದ ಒಂದೇ ಜಾಗದಲ್ಲಿ ಕಾರು ನಿಲ್ಲಿಸಿದರು. ಅದು ನನ್ನ ಸ್ಕೂಟರ್ ಪಕ್ಕದ್ದು. ಗೆಳೆಯನ ಗಾಡಿ ಆದ್ದರಿಂದ ಅವರಿಗೆ ಗುರುತು ಸಿಗಲಿಲ್ಲ. ಭಾವ ಬಲಗಡೆಯಿಂದ ಆರಾಮಾಗಿ ಇಳಿದರು. ಪಾಪು ಸೀಟು ಕಟ್ಟಿರೋದು ಹಿಂದಿನ ಎಡಗಡೆ.

ಸಾಮಾನೆಲ್ಲ ತಗೊಂಡ ಮೇಲೆ ಭಾವ ಬಿಲ್ಲಿಂಗ್ ಸಾಲಲ್ಲಿ ನಿಂತ್ರು, ಪಾಪು ಅಳೋಕೆ ಶುರು ಮಾಡ್ತು, ಅಕ್ಕ ಕೀ ತಗೊಂಡು ಮುಂಚೆ ಆಚೆ ಹೋದಳು. ನಾನು ಎರಡು ನಿಮಿಷ ತಡವಾಗಿ ಹೋಗಿ ನೋಡ್ತೀನಿ, ಒಂದು ಕೈಯಲ್ಲಿ ಪಾಪು, ಇನ್ನೊಂದು ಕೈಯಲ್ಲಿ ಚೀಲ, ಮೊಣಕೈಯಲ್ಲಿ ಕಾರಿನ ಬಾಗಿಲು ಎಳೀತಾ ನಿಂತಿದ್ದಾಳೆ. ಬಾಗಿಲು ಒಂದು ಗೇಣು ತೆರೆದು ಸ್ಕೂಟರ್ ಹ್ಯಾಂಡಲ್‌ಗೆ ತಾಗಿ ನಿಂತಿದೆ. ಪುಟ್ಟಿ ಅಕ್ಕನ ಸೀರೆ ಹಿಡ್ಕೊಂಡು ನಿಂತವಳು ಕೈ ಬಿಟ್ಟಳು. ಅಲ್ಲೇ ಒಂದು ಲಗೇಜ್ ಆಟೋ ರಿವರ್ಸ್ ತಗೋತಿತ್ತು.

ಏನೂ ಆಗಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡಿ ಬ್ರೇಕ್ ಹಾಕಿದ. ಅಕ್ಕ ಚೀಲ ಅಲ್ಲೇ ಬಿಸಾಕಿ ಪುಟ್ಟಿ ರಟ್ಟೆ ಹಿಡಿದು ಎಳ್ಕೊಂಡಳು. ಆಮೇಲೆ ನಡುಗ್ತಾ ಹೇಳಿದ್ದು, "ಯಾವನೋ ಬೇಜವಾಬ್ದಾರಿ ನನ್ಮಗ ಗಾಡಿ ಹೆಂಗೆ ನಿಲ್ಲಿಸಿದಾನೆ ನೋಡೋ." ನಾನು ಏನೂ ಮಾತಾಡಲಿಲ್ಲ. ಪುಣ್ಯಕ್ಕೆ ಹ್ಯಾಂಡಲ್ ಲಾಕ್ ಮಾಡಿರಲಿಲ್ಲ. ಯಾರದೋ ಗಾಡಿ ಸರಿಸೋ ಹಾಗೆ ಹಿಂದಿನ ಹಿಡಿ ಹಿಡಿದು ಎಳೆದು ಪಕ್ಕಕ್ಕಿಟ್ಟೆ. "ನಂಗೆ ಸ್ವಲ್ಪ ಕೆಲಸ ಇದೆ, ನೀವು ನಡೀರಿ" ಅಂದೆ.

ಆ ರಾತ್ರಿ ಇಂಗ್ಲೆಂಡ್‌ನಲ್ಲಿರೋ ದೊಡ್ಡಪ್ಪನ ಮಗ ಹಬ್ಬಕ್ಕೆ ವಿಡಿಯೋ ಕಾಲ್ ಮಾಡಿದ್ದ. ಅಕ್ಕ ನಡೆದಿದ್ದನ್ನೆಲ್ಲ ಅವನಿಗೆ ಹೇಳಿದಳು. ಅವನು, ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಮಗು ಕರ್ಕೊಂಡು ಬರೋರಿಗೆ ಅಂತಲೇ ಬಾಗಿಲ ಹತ್ತಿರ ಅಗಲವಾದ ಪಾರ್ಕಿಂಗ್ ಜಾಗ ಇರುತ್ತೆ, ನೆಲದ ಮೇಲೆ ಅಪ್ಪ-ಅಮ್ಮ-ಮಗು ಚಿತ್ರ ಬರೆದಿರ್ತಾರೆ ಅಂದ. ನಾನು, ಓ, ಅಲ್ಲಿ ಕಾನೂನು ಗಟ್ಟಿ ಇರುತ್ತಲ್ಲ ಅಂದೆ. ಅವನು ನಕ್ಕ. ಅದಕ್ಕೆ ಕಾನೂನೇ ಇಲ್ವಂತೆ. ಅಂಗವಿಕಲರಿಗೆ ಅಲ್ಲಿನ ಸ್ಥಳೀಯ ಆಡಳಿತ ಬ್ಲೂ ಬ್ಯಾಡ್ಜ್ ಅಂತ ಕಾರ್ಡ್ ಕೊಡುತ್ತೆ. ಮಗು ಇರೋರಿಗೆ ಅಂಥ ಕಾರ್ಡ್ ಏನಿಲ್ಲ. ಅಂಗಡಿಯವರು ತಮ್ಮ ಜಾಗದಲ್ಲಿ ತಾವೇ ಎಳೆದ ಗೆರೆ ಅದು. ಅದಕ್ಕೇ ಜಗಳವೂ ಜಾಸ್ತಿ. ಹೊಸ ಕಾರಿಗೆ ಗೀಚು ಬೀಳಬಾರದು ಅಂತ ಅಗಲ ಜಾಗ ನೋಡಿ ನಿಲ್ಲಿಸೋರು, "ಎರಡೇ ನಿಮಿಷ" ಅಂತ ಹೋಗೋರು, ಮೀಸೆ ಬಂದ ಮಗನನ್ನ ಪಕ್ಕದಲ್ಲಿ ಕೂರಿಸ್ಕೊಂಡು "ಇವನೂ ನನ್ನ ಮಗುವೇ" ಅನ್ನೋರು, ಎಲ್ಲ ಥರದ ಜನಾನೂ ಅಲ್ಲಿದ್ದಾರಂತೆ. ಕೇಳಿ ನನಗೆ ಸ್ವಲ್ಪ ಸಮಾಧಾನವೇ ಆಯ್ತು. ನಾವಷ್ಟೇ ಹೀಗಲ್ಲ.

ಇಂಜಿನಿಯರಿಂಗ್ ಓದ್ತಿದೀವಲ್ಲ, ಲೆಕ್ಕ ಹಾಕದೆ ಬಿಡೋಕಾಗಲ್ಲ. ಒಂದು ಕಾರಿನ ಪಾರ್ಕಿಂಗ್ ಜಾಗ ನಮ್ಮಲ್ಲಿ ಸಾಮಾನ್ಯವಾಗಿ 2.5 ಮೀಟರ್ ಅಗಲ, 5 ಮೀಟರ್ ಉದ್ದ. ಭಾವನ ವ್ಯಾಗನ್ ಆರ್ ಅಗಲ 1620 ಮಿಲಿಮೀಟರ್. ಅಂಥ ಎರಡು ಕಾರು ತಮ್ಮ ತಮ್ಮ ಗೆರೆಗಳ ಸರಿ ಮಧ್ಯೆ ನಿಂತ್ರೆ ಅವುಗಳ ನಡುವೆ ಉಳಿಯೋದು 880 ಮಿಲಿಮೀಟರ್. ಹಿಂದಿನ ಬಾಗಿಲು ಪೂರ್ತಿ ತೆರೆದ್ರೆ ಅದೇ ಹತ್ತಿರ ಹತ್ತಿರ ಮುಕ್ಕಾಲು ಮೀಟರ್ ಆಚೆ ಬರುತ್ತೆ. ಅಂದ್ರೆ ಎಲ್ಲರೂ ನಿಯಮ ಪಾಲಿಸಿದ್ರೂ ಬಾಗಿಲು ತೆರೆಯಬಹುದು, ಅಷ್ಟೇ. ಮಗು ಎತ್ಕೊಂಡು ಬಗ್ಗಿ, ಬೆಲ್ಟ್ ಹುಡುಕಿ ಹಾಕೋಕೆ ಒಬ್ಬ ಮನುಷ್ಯ ನಿಲ್ಲಬೇಕಲ್ಲ, ಅವನಿಗೆ ಜಾಗ ಇಲ್ಲ. ಈಗ ಆ 880ರಲ್ಲಿ ಒಂದು ಆಕ್ಟಿವಾ ಇಡಿ. ಆಕ್ಟಿವಾ ಅಗಲ 697. ಉಳಿದಿದ್ದು 183 ಮಿಲಿಮೀಟರ್. ಗೇಣಿಗೂ ಕಮ್ಮಿ. ನಾನು "ಹಿಡಿಯುತ್ತೆ" ಅಂದುಕೊಂಡಿದ್ದು ಲೆಕ್ಕದ ಪ್ರಕಾರ ನೂರಕ್ಕೆ ನೂರು ಸರಿ ಇತ್ತು. ಸ್ಕೂಟರ್ ಹಿಡೀತು, ಬೇರೆ ಯಾರೂ ಹಿಡಿಯಲಿಲ್ಲ.

ವೀಲ್‌ಚೇರ್ ಜಾಗಕ್ಕೆ ನಮ್ಮ ದೇಶದಲ್ಲೇ ಮಾರ್ಗಸೂಚಿ ಇದೆ. ಅಗಲ 3.6 ಮೀಟರ್ ಇರಬೇಕು, ಕಟ್ಟಡದ ಮುಖ್ಯ ಬಾಗಿಲಿಂದ 30 ಮೀಟರ್ ಒಳಗಿರಬೇಕು. 2.5 ಸಾಕಾಗಲ್ಲ ಅಂತ ಯಾರೋ ಕೂತು ಯೋಚನೆ ಮಾಡಿ ಬರೆದಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ವಿಮಾನ ನಿಲ್ದಾಣದ ಪಾರ್ಕಿಂಗ್ ಬಗ್ಗೆಯೂ ಮಾತಿದೆ. ಮಗು ಇರೋ ಕಾರಿನ ಬಗ್ಗೆ ನಮ್ಮ ಕಾನೂನು ಹೇಳೋದು ಬೇರೆ. 2019ರ ಮೋಟಾರು ವಾಹನ ತಿದ್ದುಪಡಿ ಪ್ರಕಾರ ಹದಿನಾಲ್ಕು ವರ್ಷದ ಒಳಗಿನ ಮಕ್ಕಳನ್ನ ಬೆಲ್ಟ್ ಅಥವಾ ಮಕ್ಕಳ ಸೀಟಲ್ಲಿ ಕಟ್ಟದೆ ಕರ್ಕೊಂಡು ಹೋದ್ರೆ 1000 ರೂಪಾಯಿ ದಂಡ. ಸರಿಯಾದ ಕಾನೂನೇ. ಆದರೆ ಕಟ್ಟು ಅಂತ ಹೇಳಿದವರು ಕಟ್ಟೋಕೆ ನಿಲ್ಲೋ ಜಾಗದ ಬಗ್ಗೆ ಮಾತಾಡಿಲ್ಲ.

ಇಲ್ಲಿಂದ ಸ್ವಲ್ಪ ಬಸ್ಸಿಗೆ ಬರ್ತೀನಿ. ಯಾಕಂದ್ರೆ ನನಗೆ ಮೀಸಲು ಜಾಗ ಅಂದ್ರೆ ಏನು ಅಂತ ಗೊತ್ತಾಗಿದ್ದು ಕಾರಲ್ಲಲ್ಲ, ಕಡೂರು ಬಸ್ಸಲ್ಲಿ. ಮೊನ್ನೆ ಮೊನ್ನೆವರೆಗೂ ನಮ್ಮ ಮನೇಲಿ ಕಾರೇ ಇರಲಿಲ್ಲ.

ಸರ್ಕಾರಿ ಬಸ್ಸಿನ ಕಿಟಕಿ ಮೇಲೆ ಬರೆದಿರೋದು ನೋಡಿರ್ತೀರ. ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ. ಕೆಲವು ಹಳೇ ಬಸ್ಸಲ್ಲಿ ಶಾಸಕರಿಗೂ ಒಂದು ಸೀಟು. (ಚೌಳಹಿರಿಯೂರು ಬಸ್ಸಲ್ಲಿ ಶಾಸಕರು ಕೂತಿದ್ದನ್ನ ನೋಡಿದವರು ಇದ್ರೆ ಕ್ಲಬ್‌ಗೆ ಮೇಲ್ ಮಾಡಿ.) 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗ ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳ ಬಸ್ಸಲ್ಲಿ ಅರ್ಧ ಸೀಟು ಗಂಡಸರಿಗೆ ಅಂತಲೂ ಆಯ್ತು. ನಾನು ಓಡಾಡಿದ ಬಸ್ಸುಗಳಲ್ಲಿ ಅದನ್ನ ಕೇಳಿ ಪಡೆದ ಗಂಡಸನ್ನ ನಾನಂತೂ ನೋಡಿಲ್ಲ. ಇನ್ನು ಬಸ್ಸು ನಿಲ್ಲೋ ಮುಂಚೆ ಕಿಟಕಿಯಿಂದ ಟವೆಲ್ ಎಸೆದವನ ಮೀಸಲಾತಿ ಇದೆಯಲ್ಲ, ಅದು ಎಲ್ಲಕ್ಕಿಂತ ಗಟ್ಟಿ.

"ಮಗು ಇರುವವರಿಗೆ" ಅಂತ ಬರೆದ ಸೀಟು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೂ ಸಂತೆ ದಿನ, ಕಾಲಿಡೋಕೆ ಜಾಗ ಇಲ್ಲದ ಬಸ್ಸಲ್ಲಿ, ಮಗು ಎತ್ಕೊಂಡ ಹೆಂಗಸು ಹತ್ತಿದ್ರೆ ಏನಾಗುತ್ತೆ ಅಂತ ಹಳ್ಳಿ ಬಸ್ಸಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಎದ್ದು ಸೀಟು ಬಿಡೋರು ಕಮ್ಮಿ. ಆದರೆ ಕೂತಿರೋ ಯಾರೋ ಅಜ್ಜಿ ಕೈ ಚಾಚ್ತಾಳೆ. "ಕೊಡಮ್ಮ ಇಲ್ಲಿ ಮಗೂನ." ಹೆಸರು ಕೇಳಲ್ಲ, ಯಾವ ಜನ ಅಂತ ಕೇಳಲ್ಲ. ಕೆಲವರು ಆಮೇಲೆ ಕೇಳ್ತಾರೆ, ಅದು ಬೇರೆ ವಿಷಯ. ಮಗು ಅಪರಿಚಿತರ ತೊಡೆ ಮೇಲೆ ಕೂತು ಅವರ ಸರ ಎಳೀತಾ ಬರುತ್ತೆ. ತಾಯಿ ಕಂಬಿ ಹಿಡ್ಕೊಂಡು ನಿಂತಿರ್ತಾಳೆ. ನಾವು ಸ್ಕೂಲ್ ಹುಡುಗರು ಕೂತಿದ್ರೆ ನಮ್ಮ ತೊಡೆಗೆ ಚೀಲ ಬರ್ತಿತ್ತು, ಕೆಲವು ಸಲ ಕೋಳೀನೂ.

ಪಿಯುಸಿಲಿದ್ದಾಗ ಒಂದು ಸಲ ನೋಡಿದ್ದು ಇನ್ನೂ ನೆನಪಿದೆ. ಒಬ್ಬರು ಸಣ್ಣ ಕೂಸನ್ನ ಎದೆಗೊರಗಿಸ್ಕೊಂಡು "ಮಹಿಳೆಯರಿಗೆ" ಅಂತ ಬರೆದ ಸೀಟಲ್ಲಿ ಕೂತಿದ್ರು. ಗಂಡಸರು. ಒಬ್ಬ ಹೆಂಗಸು ಬಂದು ಬೋರ್ಡ್ ತೋರಿಸಿ "ಏಳ್ರಿ" ಅಂದರು. ಅವರು ಮಾತಾಡದೆ ಎದ್ದರು. ಆಕೆ ಕೂತರು, ಸೆರಗು ಸರಿ ಮಾಡ್ಕೊಂಡರು, ಒಂದು ಗಳಿಗೆ ಕಿಟಕಿ ಆಚೆ ನೋಡಿದರು, ಆಮೇಲೆ ತಿರುಗಿ "ಕೊಡಿ ಕೂಸನ್ನ" ಅಂದರು. ಬೋರ್ಡ್ ಪ್ರಕಾರ ಆಕೆ ಹೇಳಿದ್ದು ಸರಿ. ಆದರೆ ಬೋರ್ಡಲ್ಲಿ ಇಲ್ಲದ್ದು ಏನೋ ಒಂದಿದೆ ಅಂತಲೂ ಆಕೆಗೆ ಗೊತ್ತಿತ್ತು.

ನನಗನ್ನಿಸೋದು ಇಷ್ಟು. ಜಾಗ ಮೀಸಲಿಡೋದು ಒಬ್ಬರು ಯಾರು ಅನ್ನೋದಕ್ಕಲ್ಲ, ಆ ಹೊತ್ತಲ್ಲಿ ಅವರ ಕೈಯಲ್ಲಿ ಏನಿದೆ ಅನ್ನೋದಕ್ಕೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 2009ರಲ್ಲಿ ಹೆಂಗಸರಿಗೆ ಅಂತ ಗುಲಾಬಿ ಗೆರೆಯ ಪಾರ್ಕಿಂಗ್ ಶುರು ಮಾಡಿದ್ರು. 2023ರಲ್ಲಿ ಅದನ್ನ ಕುಟುಂಬದ ಪಾರ್ಕಿಂಗ್ ಅಂತ ಬದಲಾಯಿಸೋಕೆ ಹೊರಟರು. ಗರ್ಭಿಣಿಯರು, ಸಣ್ಣ ಮಗು ಕರ್ಕೊಂಡು ಬರೋರು, ವಯಸ್ಸಾದವರ ಜೊತೆ ಬರೋರು, ಗಂಡಾಗಲಿ ಹೆಣ್ಣಾಗಲಿ. ನನ್ನ ಪ್ರಕಾರ ಇದು ಸರಿಯಾದ ದಾರಿ. ನಮ್ಮ ಅಕ್ಕ ಒಬ್ಬಳೇ ಬಂದ್ರೆ ಅವಳಿಗೆ ಅಗಲ ಜಾಗ ಯಾಕೆ ಬೇಕು? ಭಾವ ಪಾಪು ಜೊತೆ ಬಂದ್ರೆ ಅವರಿಗೆ ಬೇಕು.

ಬಸ್ಸಲ್ಲಿ ಇಷ್ಟು ಚೆನ್ನಾಗಿ ನಡ್ಕೊಳ್ಳೋ ನಾವು ಪಾರ್ಕಿಂಗ್‌ನಲ್ಲಿ ಯಾಕೆ ಹೀಗಾಗ್ತೀವಿ? ಬಸ್ಸಲ್ಲಿ ಮಗು ಕಾಣುತ್ತೆ. ತಾಯಿ ಮುಖ ಕಾಣುತ್ತೆ. ಸ್ಕೂಟರ್ ನಿಲ್ಲಿಸೋವಾಗ ನನಗೆ ಕಂಡಿದ್ದು ಬರೀ ಸಂದಿ. ಇನ್ನೂ ಬಂದಿರದ ಮಗು ಯಾರಿಗೆ ಕಾಣುತ್ತೆ? ಕಾರಲ್ಲಿ "ಕೊಡಿ ಇಲ್ಲಿ" ಅಂತ ತೊಡೆ ಮೇಲೆ ಕೂರಿಸ್ಕೊಳ್ಳೋಕೂ ಆಗಲ್ಲ, ಕೂರಿಸ್ಕೊಂಡ್ರೆ ಅದೇ ಅಪಾಯ. ಕಾರಿನ ಕಾಲಕ್ಕೆ ಅಜ್ಜಿ ತೊಡೆ ಬದಲು ನೆಲದ ಮೇಲೆ ಎರಡು ಗೆರೆ ಬೇಕು. ಗೆರೆ ಅಂದ್ರೆ, ಮಗು ಬರೋದಕ್ಕೆ ಮುಂಚೆಯೇ ಯಾರೋ ನಮಗೆ ಹೇಳಿಟ್ಟ ಮಾತು.

ಇದನ್ನೆಲ್ಲ ರೂಮ್‌ಮೇಟ್‌ಗೆ ಹೇಳಿದೆ. ಅವನು ಬಿಡ್ತಾನಾ? ಮೊದಲನೇದು, "ಮಕ್ಕಳು ಬೇಕು ಅಂತ ಮಾಡ್ಕೊಂಡಿರೋದು ಅವರು, ನಾನ್ಯಾಕೆ ದೂರ ನಿಲ್ಲಿಸಿ ನಡೀಬೇಕು?" ಅಂದ. ಇದಕ್ಕೆ ಉತ್ತರ ಸುಲಭ. ನಡೆಯೋದು ಐವತ್ತು ಹೆಜ್ಜೆ, ನಿನ್ನ ಫಿಟ್‌ನೆಸ್ ಆ್ಯಪ್‌ಗೆ ಖುಷಿಯಾಗುತ್ತೆ. ಮತ್ತೆ ಯಾವ ಮಗೂನೂ ಬೇಕು ಅಂತ ಅರ್ಜಿ ಹಾಕಿ ಹುಟ್ಟಿಲ್ಲ. ಆಟೋ ಹಿಂದೆ ಓಡಿದ್ದು ಪುಟ್ಟಿ, ಅಕ್ಕ ಅಲ್ಲ.

ಎರಡನೇ ಮಾತಿಗೆ ನನ್ನ ಹತ್ರ ಪೂರ್ತಿ ಉತ್ತರ ಇರಲಿಲ್ಲ. "ಕಾರಿರೋರಿಗೆ ಇನ್ನೂ ಜಾಗ ಕೊಡು ಅಂತೀಯಲ್ಲ. ನಮ್ಮೂರಲ್ಲಿ ಮಕ್ಕಳು ಬರೋದು ಸ್ಪ್ಲೆಂಡರ್ ಮೇಲೆ. ಮುಂದೆ ಟ್ಯಾಂಕ್ ಮೇಲೊಂದು, ಮಧ್ಯ ಒಂದು, ಅಮ್ಮನ ಮಡಿಲಲ್ಲಿ ಒಂದು. ಅವರಿಗೆ ಎಲ್ಲಿ ಗೆರೆ ಎಳೀತೀಯಾ?" ಅವನು ಹೇಳಿದ್ದು ನಿಜ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನ ಬೈಕಲ್ಲಿ ಕರ್ಕೊಂಡು ಹೋದ್ರೆ ಹೆಲ್ಮೆಟ್ ಹಾಕಬೇಕು, ಸೇಫ್ಟಿ ಬೆಲ್ಟಲ್ಲಿ ಕಟ್ಟಬೇಕು, 40 ಕಿಲೋಮೀಟರ್ ವೇಗ ಮೀರಬಾರದು ಅಂತ 2022ರಲ್ಲಿ ನಿಯಮ ಬಂತು, 2023ರ ಫೆಬ್ರವರಿಯಿಂದ ಜಾರಿ. ನಮ್ಮ ಕಡೆ ಬಿ.ಎಚ್. ರಸ್ತೆಯಲ್ಲಿ ಒಂದು ಸಂಜೆ ನಿಂತು ನೋಡಿ, ಅಂಥ ಬೆಲ್ಟ್ ಎಷ್ಟು ಕಾಣುತ್ತೆ ಅಂತ. ಆ ತಾಯಿ ಬೈಕಿಂದ ಇಳಿಯೋದೂ ಕಷ್ಟವೇ. ಒಂದು ಮಗು ಎತ್ಕೊಂಡು, ಇನ್ನೊಂದನ್ನ ಹಿಡ್ಕೊಂಡು, ಬಿಸಿ ಸೈಲೆನ್ಸರ್‌ಗೆ ಕಾಲು ತಾಗದ ಹಾಗೆ. ಹಾಗಾಗಿ ನನ್ನ ಮಾತನ್ನ ಸ್ವಲ್ಪ ಬದಲಾಯಿಸ್ತೀನಿ. ಟೌನಿನ ಅಂಗಡಿ ಮುಂದೆ ಮಗು ಚಿತ್ರ ಬರೆಸೋದಾದ್ರೆ ಒಂದು ಕಾರಿಗೆ, ಅದರ ಪಕ್ಕ ಮೂರ್ನಾಲ್ಕು ಬೈಕಿಗೆ, ಬಾಗಿಲ ಹತ್ತಿರ, ಸಾಧ್ಯವಾದ್ರೆ ನೆರಳಲ್ಲಿ. ಗಾಡಿ ಯಾವುದು ಅಂತ ಆ ಚಿತ್ರ ಕೇಳಬಾರದು.

ಮೂರನೇದು ನಾನೇ ನನಗೆ ಕೇಳ್ಕೊಂಡಿದ್ದು. ಮಗು ಇರೋರು ವೀಲ್‌ಚೇರ್ ಜಾಗದಲ್ಲಿ ನಿಲ್ಲಿಸಬಹುದಾ? ಅಗಲ ಇದೆ, ಖಾಲಿ ಇದೆ, ಪಾಪು ಅಳ್ತಿದೆ. ಬೇಡ. ಅಕ್ಕನಿಗೆ ಬೇರೆ ದಾರಿ ಇದೆ. ಭಾವ ಕಾರು ಆಚೆ ತೆಗೆದ ಮೇಲೆ ಹತ್ತಬಹುದು. ಬೇರೆ ಗಾಡಿಗಳು ಓಡಾಡೋ ದಾರಿಯಲ್ಲಿ ನಿಂತು ಮಗೂಗೆ ಬೆಲ್ಟ್ ಹಾಕೋದು ಚೆನ್ನಾಗಿರಲ್ಲ, ಹಿಂದಿನವನು ಹಾರ್ನ್ ಹೊಡೀತಾನೆ, ಆದರೂ ಆಗುತ್ತೆ. ವೀಲ್‌ಚೇರ್‌ನಿಂದ ಇಳಿದು ಸೀಟಿಗೆ ಹೋಗೋರಿಗೆ ಅಷ್ಟೂ ದಾರಿ ಇಲ್ಲ. ಮಗು ದೊಡ್ಡದಾಗುತ್ತೆ ಕೂಡ. ಇಂಗ್ಲೆಂಡ್‌ನಲ್ಲಿ ಮಕ್ಕಳ ಸೀಟಿನ ಕಾನೂನು ಹನ್ನೆರಡು ವರ್ಷ ಅಥವಾ 135 ಸೆಂಟಿಮೀಟರ್ ಎತ್ತರದವರೆಗೆ. ಅಷ್ಟು ಬೆಳೆದ ಮೇಲೆ, ನನ್ನ ಪ್ರಕಾರ ಅದಕ್ಕೂ ಎಷ್ಟೋ ಮುಂಚೆ, ತಾನೇ ಬಾಗಿಲು ತೆರೆದು ಇಳಿಯೋ ಮಗೂಗೆ ಅಗಲ ಜಾಗ ಬೇಡ. ಮಗೂನ ಅಜ್ಜಿ ಹತ್ರ ಮನೇಲಿ ಬಿಟ್ಟು ಬಂದವರಿಗೂ ಬೇಡ, ಹಿಂದಿನ ಸೀಟಲ್ಲಿ ಖಾಲಿ ಬೇಬಿ ಸೀಟ್ ಇದ್ರೂ. ತುಂಬು ಗರ್ಭಿಣಿಗೆ ಬೇಕು, ಮಗು ಇನ್ನೂ ಆಚೆ ಬಂದಿಲ್ಲ ಅಂತ ಯಾರೂ ವಾದ ಮಾಡಬಾರದು. ಇನ್ನು ಅಲ್ಲಿ ಯಾರೋ ನಿಲ್ಲಿಸಿದ್ದಾರೆ, ಮಗು ಕಾಣ್ತಿಲ್ಲ ಅಂದ್ರೆ? ಜಗಳಕ್ಕೆ ಹೋಗಬೇಡಿ. ಒಳಗೆ ಅವರ ಹೆಂಡತಿ ಮಗು ಎತ್ಕೊಂಡು ಬಿಲ್ಲಿಂಗ್ ಸಾಲಲ್ಲಿರಬಹುದು. ಒಂದು ಸಲ ಮೆತ್ತಗೆ ಕೇಳಿದ್ರೆ ತಪ್ಪಿಲ್ಲ. ಫೋಟೋ ತೆಗೆದು ಸ್ಟೇಟಸ್ ಹಾಕೋದು ನನಗೆ ಇಷ್ಟ ಇಲ್ಲ.

ಈಗ ನಮ್ಮ ಕ್ಯಾಂಪಸ್. ಇಲ್ಲಿ ಯಾರ ಹತ್ರ ಮಗು ಇದೆ ಅಂತ ನಗಬೇಡಿ. ನಮ್ಮ ಬ್ಲಾಕ್ ಮುಂದೆ ಒಂದು ರ್‍ಯಾಂಪ್ ಇದೆಯಲ್ಲ, ಇಂಟರ್ನಲ್ಸ್ ದಿನ ಅದರ ಬುಡದಲ್ಲಿ ಎಷ್ಟು ಬೈಕ್ ನಿಂತಿರುತ್ತೆ ಎಣಿಸಿದ್ದೀರಾ? ನಾನು ಹೋದ ವಾರ ಎಣಿಸಿದೆ, ಹನ್ನೊಂದು. ಅಲ್ಲಿ ನೆಲದ ಮೇಲೆ ಹಳದಿ ಓರೆ ಗೆರೆಗಳಿವೆ. ಅದು ಖಾಲಿ ಬಿಟ್ಟ ಜಾಗ ಅಲ್ಲ, ಯಾರೋ ತಿರುಗೋಕೆ ಅಂತ ಇಟ್ಟ ಜಾಗ. ಫಸ್ಟ್ ಇಯರ್‌ನಲ್ಲಿ ಅದು ಬೈಕಿಗೇ ಬರೆದಿದ್ದು ಅಂದ್ಕೊಂಡಿದ್ದೆ, ನಿಜವಾಗ್ಲೂ. ಕಾಲೇಜಿಗೆ ಅಪ್ಪ-ಅಮ್ಮ ಬರ್ತಾರೆ, ಅಡ್ಮಿಷನ್ ಟೈಮಲ್ಲಿ ಕಂಕುಳಲ್ಲಿ ಕೂಸು ಇಟ್ಕೊಂಡು ಅಕ್ಕಂದಿರು ಬರ್ತಾರೆ, ಮಂಡಿ ನೋವಿನ ಅಜ್ಜ ಬರ್ತಾರೆ. ಲ್ಯಾಬ್ ಅಟೆಂಡರ್ ಅಣ್ಣ ಒಬ್ಬರು ದಿನಾ ಮೆಷಿನ್ ಇರೋ ಟ್ರಾಲಿ ಎತ್ತಿ ಎತ್ತಿ ನಮ್ಮ ಬೈಕ್‌ಗಳ ಮೇಲಿಂದ ದಾಟಿಸೋದನ್ನ ನಾನೇ ನೋಡಿದೀನಿ. ಸಂದಿ ಕಂಡ ಕಡೆ ತೂರಿಸೋದು ನಾವೇ, ಕಾರಿನವರಲ್ಲ. ಕಾರು ತೂರಲ್ಲ.

ಕ್ಲಬ್‌ನವರು ಪೋಸ್ಟರ್ ಮಾಡೋಣ ಅಂತಿದ್ದಾರೆ. ಮಾಡಲಿ. ನಾನಂತೂ ಸೋಮವಾರದಿಂದ ಹಿಂದಿನ ಶೆಡ್‌ನಲ್ಲೇ ನಿಲ್ಲಿಸ್ತಿದೀನಿ, ಎರಡು ದಿನ ಲೇಟ್ ಆಯ್ತು, ಒಂದು ಅಟೆಂಡೆನ್ಸ್ ಹೋಯ್ತು.

ಇದನ್ನ ಬರೆದು ಕಳಿಸೋ ಮುಂಚೆ ಅಕ್ಕನಿಗೆ ವಾಟ್ಸಾಪ್ ಮಾಡಿದೆ. ಬೇರೆಯವರು ಓದೋ ಮುಂಚೆ ಅವಳಿಗೆ ಹೇಳಿಬಿಡೋದು ಮರ್ಯಾದೆ ಅನ್ನಿಸ್ತು. ನೀಲಿ ಟಿಕ್ ಬಂತು, ತುಂಬಾ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂದಿದ್ದು: "ಗೊತ್ತಿತ್ತು ಕಣೋ. ಗಾಡಿ ಎಳೆಯೋವಾಗ ಅದರ ಕೀ ನಿನ್ನ ಜೇಬಿಂದ ನೇತಾಡ್ತಿತ್ತು. ಪುಟ್ಟಿ ಕೇಳ್ತಿದಾಳೆ, ಮಾಮ ಯಾವಾಗ ಬರೋದು ಅಂತ."